ಸಾಬೂನು ಬೆರೆತ ಹನಿ ಬೇಗ ಆರುವುದೇಕೆ?

ಪ್ರಶ್ನೆ: ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದೇ ಗಾತ್ರದ ಎರಡು ಹನಿಗಳನ್ನು ಹಾಕಿದರೆ, ಬರಿಯ ನೀರಿನ ಹನಿಗಿಂತ ಸಾಬೂನು ನೀರಿನ ಹನಿ ಮೊದಲು ಆರುತ್ತದೆ. ಸಾಬೂನಿಗೆ ನೀರನ್ನು ಆವಿಯಾಗಿಸುವ ಗುಣವಿದೆಯೇ? ಆರಿದ ಮೇಲೆ ಉಳಿಯುವ ಕಲೆಯ ಆಕಾರವನ್ನೂ ಅದು ಬದಲಿಸಬಲ್ಲದೇ?

ಉತ್ತರ: ಸಾಬೂನಿಗೆ ಅಂಥ ಗುಣವಿಲ್ಲ, ಅದು ಬದಲಿಸುವುದು ಹನಿಯ ಆಕಾರವನ್ನು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ, ಅಂದರೆ ಮೇಲ್ಮೈಯನ್ನು ಬಿಗಿಹಿಡಿದು ಹನಿಯನ್ನು ಗುಂಡಗಾಗಿಸುವ ಸೆಳೆತ, ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಇರುತ್ತದೆ. ಸಾಬೂನು, ಮಾರ್ಜಕಗಳಂಥ ಸರ್ಫ್ಯಾಕ್ಟಂಟ್‌ಗಳ ಅಣುಗಳು ನೀರಿನ ಮೇಲ್ಮೈಯಲ್ಲಿ ಸಾಲುಗಟ್ಟಿ ಈ ಎಳೆತವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವುದರಿಂದ, ಗುಂಡಗೆ ನಿಂತಿದ್ದ ಹನಿ ಚಪ್ಪಟೆಯಾಗಿ ಹರಡುತ್ತದೆ. ನಿಶ್ಚಲ ಗಾಳಿಯಲ್ಲಿ ಹನಿ ಆರುವ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಹೊರಬಂದ ಆವಿ ಸುತ್ತಲಿನ ಗಾಳಿಯಲ್ಲಿ ಚದುರುವ ದರ. ಚಪ್ಪಟೆ ಹನಿಗಳಲ್ಲಿ ಅದು ತಳದ ವಿಸ್ತೀರ್ಣಕ್ಕಲ್ಲ, ತ್ರಿಜ್ಯಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಷ್ಟೇ ನೀರು ಹೆಚ್ಚು ಅಗಲಕ್ಕೆ ತೆಳುವಾಗಿ ಹರಡಿದಾಗ ಬೇಗ ಮುಗಿಯುತ್ತದೆ.

ಇದಕ್ಕೆ ತದ್ವಿರುದ್ಧವಾದ ಪದಾರ್ಥಗಳೂ ಇವೆ. ನೀರಿನಲ್ಲಿ ಕರಗದ ಹೆಕ್ಸಾಡೆಕನಾಲ್ ಎಂಬ ಮೇಣದಂಥ ರಾಸಾಯನಿಕದ ಉದ್ದನೆಯ ಅಣುಗಳು ಮೇಲ್ಮೈಯಲ್ಲಿ ಒತ್ತೊತ್ತಾಗಿ ನಿಂತು, ನೀರಿನ ಅಣುಗಳು ಹೊರಬರುವ ದಾರಿಯನ್ನೇ ಕಿರಿದಾಗಿಸುತ್ತವೆ. ಜಲಾಶಯದ ನೀರು ಆವಿಯಾಗುವುದನ್ನು ತಗ್ಗಿಸಲು ಆಸ್ಟ್ರೇಲಿಯಾದಲ್ಲಿ 1950ರ ದಶಕದಲ್ಲಿ ಇದನ್ನು ಪ್ರಯೋಗಿಸಲಾಗಿತ್ತು. ಆದರೆ ಇಂಥ ಪೊರೆಯನ್ನು ಗಾಳಿ ಸುಲಭವಾಗಿ ಒಂದು ದಡಕ್ಕೆ ತಳ್ಳಿಬಿಡುತ್ತದೆ.

ಕಲೆಯ ವಿಷಯ ಇನ್ನೂ ಸ್ವಾರಸ್ಯಕರ. ಚೆಲ್ಲಿದ ಕಾಫಿಯ ಹನಿ ಆರಿದಾಗ ಅಂಚಿನಲ್ಲಿ ಕಪ್ಪು ಉಂಗುರ ಉಳಿಯುವುದೇಕೆಂದು 1997ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ವಿವರಿಸಿದರು. ಹನಿಯ ಅಂಚು ತಳಕ್ಕೆ ಕಚ್ಚಿಕೊಂಡಿರುತ್ತದೆ, ನೀರು ಅತಿ ವೇಗವಾಗಿ ಆವಿಯಾಗುವುದೂ ಅಲ್ಲಿಯೇ. ಆ ಕೊರತೆಯನ್ನು ತುಂಬಲು ನಡುವಿನಿಂದ ಹರಿದುಬರುವ ನೀರು ಕಣಗಳನ್ನೂ ಹೊತ್ತುತಂದು ಅಲ್ಲಿ ಬಿಡುತ್ತದೆ. ಸರ್ಫ್ಯಾಕ್ಟಂಟ್ ಬೆರೆತಿದ್ದರೆ ಅದರ ಅಣುಗಳೂ ಇದೇ ಹರಿವಿನೊಡನೆ ಸಾಗಿ ಅಂಚಿನಲ್ಲಿ ದಟ್ಟೈಸುತ್ತವೆ. ಆಗ ಅಂಚಿನ ಮೇಲ್ಮೈ ಎಳೆತ ನೆತ್ತಿಯದಕ್ಕಿಂತ ಕಡಿಮೆಯಾಗಿ, ಮೇಲ್ಪದರದ ನೀರು ನೆತ್ತಿಯ ಕಡೆಗೆ ಮರಳಿ ಸೆಳೆಯಲ್ಪಡುತ್ತದೆ. ಇದಕ್ಕೆ ಮರಂಗೋನಿ ಹರಿವು ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚಿಗೆ ಬಂದ ಕಣಗಳು ಅಲ್ಲಿ ನಿಲ್ಲದೆ, ಸುಳಿಗೆ ಸಿಕ್ಕಿ ಮತ್ತೆಮತ್ತೆ ಸುತ್ತುವುದು ಕಾಣುತ್ತದೆ.

ಹಾಗೆಂದು ಸಾಬೂನು ಹಾಕಿದರೆ ಉಂಗುರ ತಪ್ಪಿಯೇ ತೀರುತ್ತದೆ ಎನ್ನಲಾಗದು. ಕಣಗಳ ಮತ್ತು ಸರ್ಫ್ಯಾಕ್ಟಂಟ್‌ನ ವಿದ್ಯುದಾವೇಶಗಳು ವಿರುದ್ಧವಾಗಿದ್ದರೆ, ತಕ್ಕ ಪ್ರಮಾಣದಲ್ಲಿ ಬೆರೆಸಿದಾಗ ಅದರ ಅಣುಗಳು ಕಣಗಳಿಗೆ ಅಂಟಿ ಅವನ್ನು ನೀರೊಲ್ಲದವನ್ನಾಗಿಸುತ್ತವೆ. ಅಂಥ ಕಣಗಳು ಹನಿಯ ಮೇಲ್ಮೈಯಲ್ಲಿ ಕೆನೆಗಟ್ಟಿ, ಆರಿದಾಗ ಸಮನಾದ ಕಲೆಯಾಗಿ ಕೂರುತ್ತವೆ. ಆ ಪ್ರಮಾಣ ಮೀರಿದರೆ ಕಣಗಳು ಮತ್ತೆ ನೀರಿನೊಳಗೆ ಚದುರಿ, ಉಂಗುರ ಮರಳಿ ಮೂಡಬಹುದು.