ಮನೆಯಲ್ಲಿ ರಕ್ಷಣೆಗೆ ಇಟ್ಟುಕೊಳ್ಳಲು ಸಣ್ಣ, ಅಗ್ಗದ ಪಿಸ್ತೂಲು ಯಾವುದು ಒಳ್ಳೆಯದು?

ಗಂಡ ಕೆಲಸದ ಮೇಲೆ ವಾರದಲ್ಲಿ ಅರ್ಧದಷ್ಟು ದಿನಗಳು ಊರಲ್ಲಿರುವುದಿಲ್ಲ, ಚಿಕ್ಕ ಮಗು ಇದೆ, ಅತ್ತೆ ಮಾವ ಬಂದಿದ್ದಾರೆ, ಪಕ್ಕದ ಬೀದಿಯಲ್ಲಿ ಚಿನ್ನಕ್ಕಾಗಿ ಮನೆ ಒಡೆದರು. ಇದುವರೆಗೆ ಗನ್ ಮುಟ್ಟಿಲ್ಲ, 300 ಡಾಲರ್ ಒಳಗೆ .22 ಅಥವಾ .380 (ಇವು ಗುಂಡಿನ ಗಾತ್ರದ ಹೆಸರು) ಯಾವುದಾದರೂ ಹೇಳಿ ಅಂತ ಕೇಳಿದ್ದೀರಿ. ಓದುತ್ತಾ ನನ್ನದೇ ಹಳೇ ಪತ್ರ ಓದಿದ ಹಾಗಾಯಿತು. ನಾವಿರುವುದೂ ಟೆಕ್ಸಸ್‌ನಲ್ಲೇ, ಡಲ್ಲಾಸ್ ಪಕ್ಕ. ನಾನೂ ಇದೇ ಭಯದಲ್ಲಿ, ಇದೇ ಬಜೆಟ್‌ನಲ್ಲಿ, ಇದೇ ಸೈಜಿನ ಪಿಸ್ತೂಲು ತಗೊಂಡೆ.

ನಿಮ್ಮ ಭಯ ಸುಳ್ಳಲ್ಲ. 2011ರಿಂದ 2014ರವರೆಗೆ ಮಿಷಿಗನ್, ಟೆಕ್ಸಸ್ ಸೇರಿ ಹಲವು ರಾಜ್ಯಗಳಲ್ಲಿ ಒಂದು ಗ್ಯಾಂಗ್ ಭಾರತೀಯರ, ಏಷ್ಯಾದ ಇತರರ ಮನೆಗಳನ್ನೇ ಆರಿಸಿ ದರೋಡೆ ಮಾಡಿತ್ತು. ಜನ ಮನೆಯಲ್ಲಿದ್ದಾಗಲೇ ನುಗ್ಗುತ್ತಿದ್ದರು. ಕೊನೆಗೆ ಸಿಕ್ಕಿಬಿದ್ದು ಶಿಕ್ಷೆಯೂ ಆಯಿತು. ಆ ಸುದ್ದಿ ನಮ್ಮ ಕನ್ನಡ ಗುಂಪುಗಳಲ್ಲೆಲ್ಲ ಓಡಾಡಿತ್ತು. ಅದನ್ನು ಓದಿದ ಮೇಲೆ ಗಂಡ ಏರ್‌ಪೋರ್ಟಿಗೆ ಹೊರಟರೆ ಸಾಕು, ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಗನ್ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವನು ನನ್ನ ಕೈ ನೋಡಿದ. ಗಾಜಿನ ಕೆಳಗಿನಿಂದ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ .380 ತೆಗೆದಿಟ್ಟ. ಹೆಂಗಸರೆಲ್ಲ ಇದನ್ನೇ ತಗೊಳ್ಳೋದು ಅಂದ. ನನಗೂ ಸರಿ ಅನ್ನಿಸಿತು. ಸಣ್ಣ ಕೈಗೆ ಸಣ್ಣ ಪಿಸ್ತೂಲು, ಹೊಸಬರಿಗೆ ಸಣ್ಣ ಗುಂಡು, ಇದರಲ್ಲಿ ತಪ್ಪೇನಿದೆ ಅಲ್ವಾ?

ಎಲ್ಲವೂ ತಪ್ಪು. ಪಿಸ್ತೂಲು ಹಗುರವಾದಷ್ಟೂ ಒದೆತ ಜಾಸ್ತಿ, ಯಾಕೆಂದರೆ ಅದನ್ನು ತಡೆದುಕೊಳ್ಳುವ ತೂಕ ಅದರಲ್ಲಿಲ್ಲ. ಹಿಡಿ ಎಷ್ಟು ಗಿಡ್ಡ ಅಂದರೆ ಕಿರುಬೆರಳಿಗೆ ಜಾಗವೇ ಇಲ್ಲ. ಒಂದು ಡಬ್ಬಿ ಗುಂಡು ಮುಗಿಯುವ ಹೊತ್ತಿಗೆ ಹೆಬ್ಬೆರಳ ಬುಡ ಕೆಂಪಾಗಿ ಊದಿಕೊಳ್ಳುತ್ತಿತ್ತು. ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಬಂತು. ಗುಂಡಿನ ಬೆಲೆಯೂ ಕಡಿಮೆ ಅಲ್ಲ. .22 ಅಗ್ಗ, ನಿಜ. ಆದರೆ .380 ಗುಂಡು ಅದಕ್ಕಿಂತ ದೊಡ್ಡದಾದ 9 ಎಂಎಂ ಗುಂಡಿಗಿಂತ ದುಬಾರಿ. 9 ಎಂಎಂ ಹೆಚ್ಚು ಮಾರಾಟವಾಗುತ್ತದೆ, ಅದಕ್ಕೇ ಅಗ್ಗ. ಹೀಗಾಗಿ ನೋವು, ಖರ್ಚು ಎರಡೂ ಸೇರಿ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಹೋಗುವುದೇ ಬಿಟ್ಟುಹೋಯಿತು.

ಇನ್ನು ಸ್ಲೈಡ್. ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ಬಿಟ್ಟರೆ ತಾನೇ ಮೊದಲ ಗುಂಡು ಚೇಂಬರಿಗೆ, ಅಂದರೆ ನಳಿಗೆಯ ಬುಡದಲ್ಲಿ ಗುಂಡು ಕೂರುವ ಜಾಗಕ್ಕೆ, ಬರುವುದು? ಪುಟ್ಟ ಪಿಸ್ತೂಲಿನಲ್ಲಿ ಹಿಡಿದುಕೊಳ್ಳಲು ಅರ್ಧ ಇಂಚು ಲೋಹ, ಒಳಗೆ ಗಟ್ಟಿ ಸ್ಪ್ರಿಂಗ್. ಬೆವರಿದ ಕೈಯಲ್ಲಿ ನನಗೆ ಎಳೆಯಲು ಆಗುತ್ತಲೇ ಇರಲಿಲ್ಲ. ಅದಕ್ಕೆ ನಾವು ಕಂಡುಕೊಂಡ ದಾರಿ, ಗಂಡ ಊರಿಗೆ ಹೊರಡುವ ಮುಂಚೆ ತಾನೇ ಸ್ಲೈಡ್ ಎಳೆದು, ಚೇಂಬರಿನಲ್ಲಿ ಗುಂಡು ಇಟ್ಟು, ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಹೋಗುವುದು. ಇಲ್ಲಿಂದಲೇ ಎಲ್ಲಾ ಹಾಳಾಗಿದ್ದು.

ಆ ದಿನ ಅದನ್ನು ಒರೆಸಿ ಎಣ್ಣೆ ಹಾಕೋಣ ಅಂತ ತೆಗೆದೆ. ಮಗ ಸ್ಕೂಲಿನಲ್ಲಿದ್ದ. ಮಲಗುವ ಕೋಣೆಯಲ್ಲಿ ಮಂಚದ ಮೇಲೆ ಕೂತು ಎರಡೂ ಕೈ ಹಾಕಿ, ಒದ್ದಾಡಿ, ಸ್ಲೈಡ್ ಎಳೆದೆ. ಒಳಗಿದ್ದ ಗುಂಡು ಹೊರಗೆ ಚಿಮ್ಮಿ ಹೊದಿಕೆ ಮೇಲೆ ಬಿತ್ತು. ಅದು ಬಿದ್ದಿದ್ದನ್ನು ಕಣ್ಣಾರೆ ನೋಡಿದೆ. ಆಮೇಲೆ ಹಿಡಿಯ ಕೆಳಗಿನಿಂದ, ಉಳಿದ ಗುಂಡುಗಳನ್ನು ತುಂಬಿಡುವ ಮ್ಯಾಗಝೀನ್ ಕಳಚಿ ಪಕ್ಕಕ್ಕಿಟ್ಟೆ. ಗುಂಡು ಹೊರಗೆ ಬಿದ್ದಿದೆ, ಮ್ಯಾಗಝೀನ್ ಹೊರಗಿದೆ, ಇನ್ನೇನು ಖಾಲಿ. ಆ ಮಾದರಿಯನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಎಳೆಯಬೇಕು, ಅದರ ರಚನೆಯೇ ಹಾಗೆ. ಗೋಡೆ ಕಡೆ ಹಿಡಿದು ಎಳೆದೆ. ಗುಂಡು ಹಾರಿತು.

ನಾನು ಮಾಡಿದ್ದು ಏನು ಅಂತ ದಯವಿಟ್ಟು ನಿಧಾನವಾಗಿ ಓದಿ. ಸ್ಲೈಡ್ ಹಿಂದಕ್ಕೆ ಬಂದಾಗ ಚೇಂಬರಿನಲ್ಲಿದ್ದ ಗುಂಡು ಹೊರಗೆ ಚಿಮ್ಮುತ್ತದೆ. ಅದೇ ಸ್ಲೈಡ್ ಮುಂದಕ್ಕೆ ಹೋಗುವಾಗ, ಮ್ಯಾಗಝೀನ್ ಇನ್ನೂ ಒಳಗೇ ಇದ್ದರೆ, ಅದರ ಮೇಲಿನ ಗುಂಡನ್ನು ತಳ್ಳಿಕೊಂಡು ಹೋಗಿ ಚೇಂಬರ್ ತುಂಬುತ್ತದೆ. ಒಂದು ಹೋಯಿತು, ಇನ್ನೊಂದು ಬಂತು. ಕಣ್ಣಿಗೆ ಕಾಣುವುದು ಹೋದದ್ದು ಮಾತ್ರ. ಆಮೇಲೆ ಮ್ಯಾಗಝೀನ್ ಕಳಚಿದರೂ ಚೇಂಬರಿಗೆ ಸೇರಿದ ಗುಂಡು ಅಲ್ಲೇ ಇರುತ್ತದೆ. ನಾನು ಮಾಡಿದ ಎರಡೂ ಕೆಲಸ ಸರಿಯಾದವೇ. ಹಿಂದುಮುಂದಾಗಿದ್ದವು, ಅಷ್ಟೇ. ಮೊದಲು ಮ್ಯಾಗಝೀನ್ ಹೊರಗೆ. ಆಮೇಲೆ ಸ್ಲೈಡ್, ಒಂದು ಸಲ ಅಲ್ಲ, ಎರಡು ಮೂರು ಸಲ. ಆಮೇಲೆ ಸ್ಲೈಡನ್ನು ಹಿಂದಕ್ಕೇ ನಿಲ್ಲಿಸಿ ಚೇಂಬರಿನೊಳಗೆ ಕಣ್ಣಿಟ್ಟು ನೋಡಬೇಕು, ಕಿರುಬೆರಳು ಹಾಕಿ ಮುಟ್ಟಿಯೂ ನೋಡಬೇಕು. ಖಾಲಿ ಅಂತ ಬೆರಳು ಹೇಳಬೇಕು. ಸ್ಲೈಡ್ ಎಳೆಯುವುದೇ ಕಷ್ಟ ಆಗಿದ್ದರಿಂದ ನನ್ನ ಗಮನವೆಲ್ಲ ಅದರ ಮೇಲಿತ್ತು. ಎಳೆದೆನಲ್ಲ ಅನ್ನುವ ಸಮಾಧಾನದಲ್ಲಿ ಉಳಿದದ್ದು ಮರೆತುಹೋಯಿತು. ಇನ್ನೊಂದು ಸಲ ಎಳೆದು ನೋಡುವಷ್ಟು ಶಕ್ತಿಯೂ ಬೆರಳಲ್ಲಿ ಉಳಿದಿರಲಿಲ್ಲ.

ಸಕಲೇಶಪುರದ ಕಡೆಯ ತೋಟದ ಮನೆಯಲ್ಲಿ ಬೆಳೆದವಳು ನಾನು. ತಾತನ ಹತ್ತಿರ ಒಂಟಿ ನಳಿಗೆಯ ಕೋವಿ ಇತ್ತು. ಅದನ್ನು ಮಡಚಿ ಬೆಳಕಿಗೆ ಹಿಡಿದರೆ ನಳಿಗೆಯ ಆ ತುದಿಯವರೆಗೂ ಕಾಣುತ್ತದೆ. ತುಂಬಿದೆಯೋ ಇಲ್ಲವೋ ಅಂತ ಯಾರೂ ಅನುಮಾನಪಡಬೇಕಿಲ್ಲ. ಕೋವಿ ನೋಡಿ ಗೊತ್ತು ಅನ್ನುವ ಧೈರ್ಯ ನನಗಿತ್ತು. ಪಿಸ್ತೂಲು ಹಾಗಲ್ಲ, ತನ್ನ ಹೊಟ್ಟೆಯಲ್ಲೇನಿದೆ ಅಂತ ತೋರಿಸುವುದೇ ಇಲ್ಲ.

ಆ ಗುಂಡು ಗೋಡೆಯ ಎರಡೂ ಕಡೆಯ ಹಲಗೆ ದಾಟಿ ಪಕ್ಕದ ಕೋಣೆಗೆ ಹೋಯಿತು. ಪಕ್ಕದ ಕೋಣೆ ಮಗನದು. ಅವನ ಪುಸ್ತಕದ ಕಪಾಟಿನ ಹಿಂದಿನ ಹಲಗೆ ತೂರಿ, ದಪ್ಪ ಪುಸ್ತಕವೊಂದರೊಳಗೆ ನಿಂತಿತ್ತು. ಇಲ್ಲಿನ ಮನೆಗಳು ನಮ್ಮ ಊರಿನ ಇಟ್ಟಿಗೆ ಮನೆಗಳಲ್ಲ. ಒಳಗೋಡೆ ಅಂದರೆ ಮರದ ಚೌಕಟ್ಟಿಗೆ ಎರಡೂ ಕಡೆ ಅರ್ಧ ಇಂಚಿನ ಜಿಪ್ಸಮ್ ಹಲಗೆ, ನಡುವೆ ಖಾಲಿ ಗಾಳಿ. ಸಣ್ಣ ಗುಂಡು ಗೋಡೆಯಲ್ಲೇ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. .22 ಕೂಡ ದಾಟುತ್ತದೆ. ನಿಮ್ಮ ಮಗು ಎಲ್ಲಿ ಮಲಗುತ್ತದೆ, ಅತ್ತೆ ಮಾವ ಎಲ್ಲಿ ಮಲಗುತ್ತಾರೆ, ಇದನ್ನು ಮೊದಲು ಯೋಚಿಸಿ. ಕಿವಿಗೆ ಏನೂ ಹಾಕಿಕೊಳ್ಳದೆ ಮುಚ್ಚಿದ ಕೋಣೆಯಲ್ಲಿ ಪಿಸ್ತೂಲು ಹಾರಿದರೆ ಆ ಸದ್ದು 140 ಡೆಸಿಬೆಲ್ ಮೀರುತ್ತದೆ. ಒಂದೇ ಏಟು ಸಾಕು. ನನ್ನ ಎಡಗಿವಿಯಲ್ಲಿ ಅವತ್ತು ಶುರುವಾದ ಗುಂಯ್ ಅನ್ನುವ ಸದ್ದು ಇವತ್ತಿಗೂ ನಿಂತಿಲ್ಲ, ಇನ್ನು ನಿಲ್ಲುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಮಗ ಆ ದಿನ ಜ್ವರ ಅಂತ ಮನೆಯಲ್ಲಿದ್ದಿದ್ದರೆ ಅನ್ನುವುದನ್ನು ನಾನು ಬರೆಯಲಾರೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೊಸಬರಿಗೆ, ಸಣ್ಣದು, ಅಗ್ಗ, ಈ ಮೂರೂ ಒಟ್ಟಿಗೆ ಇರಲಾರವು.

ಅಗ್ಗದ ಬಗ್ಗೆ ಇನ್ನೊಂದು ಮಾತು. ಲಾಸ್ ಏಂಜಲೀಸ್ ಸುತ್ತಮುತ್ತ ಹಿಂದೆ ಕೆಲವು ಕಂಪನಿಗಳು ಸತುವಿನ ಮಿಶ್ರಲೋಹದಲ್ಲಿ .25, .32, .380 ಪಿಸ್ತೂಲುಗಳನ್ನು ರಾಶಿ ರಾಶಿ ಮಾಡಿ ಮಾರಿದವು. ಹಳೇ ಮಾಲು ಇನ್ನೂ ಕೈ ಬದಲಾಯಿಸುತ್ತಲೇ ಇರುತ್ತದೆ. ಅದರಲ್ಲಿ ಬ್ರೈಕೊ ಅನ್ನುವ ಕಂಪನಿಯ ಒಂದು ಪಿಸ್ತೂಲನ್ನು ಖಾಲಿ ಮಾಡಬೇಕಾದರೆ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಕೀಲಿ, ತೆಗೆದೇ ಮಾಡಬೇಕಿತ್ತು. 1994ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ ಹಾಗೆ ಖಾಲಿ ಮಾಡಲು ಹೋದಾಗ ಗುಂಡು ಹಾರಿ 7 ವರ್ಷದ ಹುಡುಗನಿಗೆ ತಗುಲಿತು. ಕುತ್ತಿಗೆಯಿಂದ ಕೆಳಗೆ ಸ್ವಾಧೀನವೇ ಹೋಯಿತು. 2003ರಲ್ಲಿ ಜ್ಯೂರಿ ಕೋಟಿಗಟ್ಟಲೆ ಡಾಲರ್ ಪರಿಹಾರ ಕೊಡಬೇಕೆಂದಿತು, ಕಂಪನಿ ದಿವಾಳಿ ಅರ್ಜಿ ಹಾಕಿತು. ನನ್ನ ಮನೆಯಲ್ಲಿ ಆದದ್ದೂ ಖಾಲಿ ಮಾಡುವಾಗಲೇ. ಕಳ್ಳ ಬಂದಾಗ ಏನು ಮಾಡುತ್ತೇವೆ ಅಂತ ಎಲ್ಲರೂ ಯೋಚಿಸುತ್ತಾರೆ. ಕಳ್ಳ ಬಾರದ ದಿನಗಳಲ್ಲಿ ಅದನ್ನು ತುಂಬಿ, ತೆಗೆದು, ಒರೆಸಿ, ಇಡುವುದರ ಬಗ್ಗೆ ಯಾರೂ ಹೇಳುವುದಿಲ್ಲ.

ನಿಮ್ಮ 300 ಡಾಲರ್ ಹೀಗೆ ಖರ್ಚು ಮಾಡಿ. ಚಿನ್ನವನ್ನು ನಾಳೆಯೇ ಬ್ಯಾಂಕ್ ಲಾಕರಿಗೆ ಸಾಗಿಸಿ. ಕಳ್ಳರು ಬರುವುದು ಅದಕ್ಕೆ ತಾನೇ? ಮುಂಬಾಗಿಲ ಚೌಕಟ್ಟಿನಲ್ಲಿ, ಬೀಗದ ನಾಲಿಗೆ ಕೂರುವ ತಗಡನ್ನು ನೋಡಿ. ಬಹಳಷ್ಟು ಮನೆಗಳಲ್ಲಿ ಬಿಲ್ಡರ್ ಮುಕ್ಕಾಲು ಇಂಚಿನ ಸ್ಕ್ರೂ ಹೊಡೆದು ಹೋಗಿರುತ್ತಾನೆ, ಒಂದು ಒದೆಗೆ ಕಿತ್ತು ಬರುತ್ತದೆ. ಅದನ್ನು ತೆಗೆದು 3 ಇಂಚಿನ ಸ್ಕ್ರೂ ಹಾಕಿದರೆ ಒಳಗಿನ ಮರದ ಕಂಬಕ್ಕೆ ಕಚ್ಚಿಕೊಳ್ಳುತ್ತದೆ. ಕೆಲವೇ ಡಾಲರ್ ಖರ್ಚು. ಹಿಂದಿನ ಗಾಜಿನ ಬಾಗಿಲ ಹಳಿಯಲ್ಲಿ ಒಂದು ಕೋಲು, ಹಿತ್ತಲಿಗೆ ಸೆನ್ಸರ್ ದೀಪ, ಮಲಗುವ ಕೋಣೆಗೆ ಗಟ್ಟಿ ಬಾಗಿಲು, ಒಳಗಡೆ ಚಾರ್ಜ್ ಇರುವ ಫೋನು. ಸದ್ದಾದರೆ ಎಲ್ಲರೂ ಆ ಒಂದು ಕೋಣೆ ಸೇರಿ, ಬೀಗ ಹಾಕಿ, 911. ಅತ್ತೆ ಮಾವನಿಗೂ ಇದನ್ನು ಮಾಡಿಸಿ ತೋರಿಸಿ.

ಇದೆಲ್ಲ ಆದ ಮೇಲೂ ಗನ್ ಬೇಕು ಅನ್ನಿಸಿದರೆ ಬೇಡ ಅನ್ನಲು ನಾನು ಯಾರೂ ಅಲ್ಲ. ಆದರೆ ಮೊದಲು ಕ್ಲಾಸು, ಆಮೇಲೆ ಅಂಗಡಿ. ಬಹಳ ರೇಂಜ್‌ಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ದೊಡ್ಡ ಸೈಜಿನ .22ರಲ್ಲಿ ಶುರು ಮಾಡಿ, ಕಲಿಯಲು ಅದರಷ್ಟು ಒಳ್ಳೆಯದು ಇಲ್ಲ, ಕೈ ಹೆದರುವುದಿಲ್ಲ. ರಕ್ಷಣೆಗೆ ಅದನ್ನೇ ನೆಚ್ಚಬೇಡಿ. .22 ಗುಂಡಿನ ಸಿಡಿಮದ್ದು ಅಂಚಿನಲ್ಲಿರುತ್ತದೆ, ಹಾರದೆ ಸುಮ್ಮನಾಗುವುದು ಬೇರೆ ಗುಂಡುಗಳಿಗಿಂತ ಜಾಸ್ತಿ. ಮನೆಯಲ್ಲಿಡಲು ಅಂದರೆ ಕೈತುಂಬ ಹಿಡಿ ಇರುವ, ತೂಕದ, ಮಧ್ಯಮ ಗಾತ್ರದ 9 ಎಂಎಂ. ಬೆರಳಿಗೆ ಶಕ್ತಿ ಕಡಿಮೆ ಅಂತಾದರೆ ಸ್ಮಿತ್ ಅಂಡ್ ವೆಸನ್ ಕಂಪನಿಯ ಶೀಲ್ಡ್ ಈಝೀ ಅಂತ ಒಂದಿದೆ, 2018ರಲ್ಲಿ .380ಯಲ್ಲಿ ಬಂತು, ಸ್ಲೈಡ್ ಹಗುರವಾಗಿ ಎಳೆಯಲೆಂದೇ ಮಾಡಿದ್ದು. ಅದು 300ಕ್ಕೆ ಸಿಗುವುದು ಕಷ್ಟ. ಅಂಗಡಿಯಲ್ಲಿ ನೀವೇ, ಗಂಡ ಅಲ್ಲ, ಹತ್ತು ಸಲ ಸ್ಲೈಡ್ ಎಳೆದು ನೋಡಿ. ಹತ್ತನೆಯ ಸಲವೂ ಸಲೀಸಾಗಿ ಬರದಿದ್ದರೆ ವಾಪಸ್ ಇಡಿ.

ಸೇಫ್ ಇಲ್ಲದೆ ಮನೆಗೆ ತರಬೇಡಿ. ಕೋಡ್ ಒತ್ತಿದರೆ ತೆರೆಯುವಂಥದ್ದು, ನೆಲಕ್ಕೋ ಗೋಡೆಗೋ ಬೋಲ್ಟ್ ಮಾಡಿದ್ದು. ಬೀರುವಿನ ಮೇಲೆ ಎತ್ತರದಲ್ಲಿಟ್ಟರೆ ಮಗುವಿಗೆ ಸಿಗುವುದಿಲ್ಲ ಅಂದುಕೊಳ್ಳಬೇಡಿ, ಮಕ್ಕಳು ಕುರ್ಚಿ ಎಳೆದುಕೊಂಡು ಹತ್ತುತ್ತಾರೆ. ಟೆಕ್ಸಸ್‌ನಲ್ಲಿ ತುಂಬಿದ ಗನ್ ಭದ್ರವಾಗಿ ಇಡದೆ, ಅದು 17 ವರ್ಷದೊಳಗಿನವರ ಕೈಗೆ ಸಿಕ್ಕರೆ ಇಟ್ಟವರದು ಅಪರಾಧ. ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿಯಿಲ್ಲ, ಖಿನ್ನತೆ ಇದೆ ಅಂತಾದರೆ ಗನ್ ತರಲೇಬೇಡಿ. 2021ರಲ್ಲಿ ಈ ದೇಶದಲ್ಲಿ ಗುಂಡಿಗೆ 48,830 ಜನ ಸತ್ತರು, ಅದರಲ್ಲಿ 26,328 ಆತ್ಮಹತ್ಯೆ. ನಮ್ಮ ಜನ ಮನಸ್ಸಿನ ಕಾಯಿಲೆಯನ್ನು ಮುಚ್ಚಿಡುತ್ತಾರೆ. ನೀವು ಮುಚ್ಚಿಡಬೇಡಿ.

ಕೊನೆಗೆ ವೀಸಾ ವಿಷಯ. ನಿಮಗೆ ಗ್ರೀನ್ ಕಾರ್ಡ್ ಇದೆ ಅಂದಿದ್ದೀರಿ, ನೀವು ಕೊಳ್ಳಬಹುದು. ಎಚ್-1ಬಿ, ಎಚ್-4, ವಿಸಿಟರ್ ವೀಸಾದಲ್ಲಿ ಇರುವವರು ಗನ್ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಅದನ್ನು ನಂಬಿ ತಾವೇ ತೀರ್ಮಾನ ಮಾಡಿಕೊಳ್ಳುವುದು ಅಪಾಯ, ಕೇಸ್ ಆಗಿ ಶಿಕ್ಷೆಯಾದರೆ ಗಡೀಪಾರು ಕೂಡ ಆಗಬಹುದು. ಅತ್ತೆ ಮಾವ ವಿಸಿಟರ್ ವೀಸಾದಲ್ಲಿ ಬಂದಿದ್ದರೆ ಸೇಫಿನ ಕೋಡ್ ಅವರಿಗೆ ಹೇಳಬೇಡಿ, ತೋರಿಸಲೆಂದು ಅವರ ಕೈಗೆ ಕೊಡಲೂ ಬೇಡಿ. ನಿಮ್ಮ ಗಂಡನಿಗೆ ಯಾವ ವೀಸಾ ಅಂತ ನೀವು ಬರೆದಿಲ್ಲ. ಅವರದೂ ಗ್ರೀನ್ ಕಾರ್ಡ್ ಅಲ್ಲದಿದ್ದರೆ ಗನ್ ಅಂಗಡಿಗೆ ಹೋಗುವ ಮೊದಲು ಇಮಿಗ್ರೇಷನ್ ವಕೀಲರಿಗೆ ಒಂದು ಫೋನ್ ಮಾಡಿ.