ಯಾವ 80 ಪೌಂಡ್? ಮೊದಲು ಅದನ್ನು ಹೇಳಿ

ಫ್ರೆಂಚ್ ಕಲಿತು ಏಜೆನ್ಸಿಗಳಿಗೆ ಅನುವಾದ ಮಾಡಿಕೊಡುವ ಕನ್ನಡದ ಹುಡುಗ ಹುಡುಗಿಯರು ಈಗ ಜಾಸ್ತಿ ಆಗಿದ್ದಾರೆ. ಸಂತೋಷ. ಆದರೆ ಪ್ರಿಂಟರ್ ಕೈಪಿಡಿ, ಬ್ರೋಶರ್ ಆರ್ಡರು, ಸ್ಟೇಷನರಿ ಅಂಗಡಿಯ ಪಟ್ಟಿ ಕೈಗೆ ಬಂದ ಕೂಡಲೇ ಎಲ್ಲರೂ ಒಂದೇ ಹಳ್ಳಕ್ಕೆ ಬೀಳುತ್ತಾರೆ. ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲದ ಅಂಕಣದಲ್ಲಿ ಇಂಗ್ಲಿಷಿನಲ್ಲಿ ಬರೆದ ಕಾಗದದ ತೂಕ, ಹೆಸರುಗಳನ್ನು ಫ್ರೆಂಚಿಗೆ ತರುವುದು ಬಿಟ್ಟು ಬೇರೆ ಏನೂ ಇಲ್ಲ. ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದು, ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ. ಎಷ್ಟೋ ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲೇ ‘ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ’ ಎಂದು ಅಚ್ಚಾಗಿರುತ್ತದೆ. ಅದನ್ನು ನೋಡಿಯೂ ಕೇಳದೆ ಬಿಟ್ಟವರು ಈಗ ನನ್ನನ್ನು ಕೇಳಬೇಡಿ.

ಪ್ರಶ್ನೆ: ಅಮೆರಿಕದ ಗ್ರಾಹಕರ ಬ್ರೋಶರ್ ಆರ್ಡರಿನಲ್ಲಿ ಒಳಪುಟಕ್ಕೆ ‘80 ಪೌಂಡ್ ಟೆಕ್ಸ್ಟ್’, ಹೊದಿಕೆಗೆ ‘80 ಪೌಂಡ್ ಕವರ್’ ಎಂದಿತ್ತು. ಎರಡನ್ನೂ ಲೆಕ್ಕ ಹಾಕಿ 36 ಕಿಲೋ ಎಂದು ಫ್ರೆಂಚಿನಲ್ಲಿ ಬರೆದೆ. ಪರಿಶೀಲಕರು ವಾಪಸ್ ಕಳಿಸಿದ್ದಾರೆ. ಪೌಂಡನ್ನು ಕಿಲೋ ಮಾಡಿದ್ದರಲ್ಲಿ ತಪ್ಪೇನಿದೆ?

ಕಾಗದದ ಅಂಗಡಿಗೆ ಹೋಗಿ ‘36 ಕಿಲೋ ಕಾಗದ ಕೊಡಿ’ ಅಂದರೆ ಏನು ಕೊಡುತ್ತಾರೆ ಹೇಳಿ? ನಿಮ್ಮ ಗುಣಾಕಾರ ಸರಿ. ಉತ್ತರಕ್ಕೆ ಮಾತ್ರ ಅರ್ಥವಿಲ್ಲ.

ಅಮೆರಿಕದಲ್ಲಿ ಪೌಂಡ್ ಎಂದು ಹೇಳುವುದು 500 ಹಾಳೆಗಳ ಒಂದು ರೀಮಿನ ತೂಕ. ಆದರೆ ಎಷ್ಟು ದೊಡ್ಡ ಹಾಳೆ? ಅಲ್ಲೇ ಇರುವುದು ತಕರಾರು. ಪ್ರತಿ ಜಾತಿಯ ಕಾಗದಕ್ಕೂ ಅವರು ಒಂದೊಂದು ಮೂಲ ಅಳತೆ ಇಟ್ಟುಕೊಂಡಿದ್ದಾರೆ. ಪತ್ರ ಬರೆಯುವ, ಪ್ರಿಂಟರಿಗೆ ಹಾಕುವ ಬಾಂಡ್ ಕಾಗದಕ್ಕೆ 17×22 ಅಂಗುಲ. ಟೆಕ್ಸ್ಟ್, ಬುಕ್, ಆಫ್‌ಸೆಟ್ ಎನ್ನುವ ಮೂರಕ್ಕೂ 25×38. ಕವರ್‌ಗೆ 20×26. ಕಾರ್ಡಿನಂಥ ಇಂಡೆಕ್ಸ್‌ಗೆ 25.5×30.5. ಏಲಕ್ಕಿ ಬಾಳೆಯೂ ಡಜನ್ನೇ, ಪಚ್ಚಬಾಳೆಯೂ ಡಜನ್ನೇ. ಡಜನ್ನಿನ ತೂಕ ಮಾತ್ರ ಹೇಳಿ ಯಾವ ಬಾಳೆ ಎಂದು ಹೇಳದಿದ್ದರೆ ಒಂದು ಹಣ್ಣು ಎಷ್ಟು ದಪ್ಪ ಎಂದು ಹೇಗೆ ತಿಳಿಯಬೇಕು?

ಫ್ರಾನ್ಸಿನಲ್ಲಿ ಈ ಗೋಜಲೇ ಇಲ್ಲ. ಅಲ್ಲಿ ಇರುವುದು ‘ಗ್ರಾಮಾಜ್’, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದು. ನಮ್ಮ ಜಿಎಸ್‌ಎಂ ಕೂಡ ಅದೇ. ಹಾಳೆ ದೊಡ್ಡದಿರಲಿ, ಚಿಕ್ಕದಿರಲಿ, ಗ್ರಾಮಾಜ್ ಬದಲಾಗುವುದಿಲ್ಲ. ಹಾಗಾಗಿ ನೀವು ಮಾಡಬೇಕಿರುವುದು ಪೌಂಡಿನಿಂದ ಕಿಲೋಗೆ ಅಲ್ಲ, ರೀಮಿನ ತೂಕದಿಂದ ಗ್ರಾಮಾಜ್‌ಗೆ.

ಲೆಕ್ಕ ಕಷ್ಟವಲ್ಲ. ಪೌಂಡನ್ನು 1406.5ರಿಂದ ಗುಣಿಸಿ, ಮೂಲ ಅಳತೆಯ ಹಾಳೆ ಎಷ್ಟು ಚದರ ಅಂಗುಲವೋ ಅಷ್ಟರಿಂದ ಭಾಗಿಸಿ. ಅಷ್ಟೂ ಬೇಡ ಎಂದರೆ ಬಾಂಡ್‌ಗೆ 3.76, ಟೆಕ್ಸ್ಟ್‌ಗೆ 1.48, ಕವರ್‌ಗೆ 2.70, ಇಂಡೆಕ್ಸ್‌ಗೆ 1.81ರಿಂದ ಗುಣಿಸಿದರೆ ಸಾಕು. ಈಗ ನಿಮ್ಮ ಬ್ರೋಶರ್ ನೋಡಿ. 80 ಪೌಂಡ್ ಟೆಕ್ಸ್ಟ್ ಎಂದರೆ ಚದರ ಮೀಟರಿಗೆ 118 ಗ್ರಾಂ. 80 ಪೌಂಡ್ ಕವರ್ ಎಂದರೆ 216 ಗ್ರಾಂ. ಒಂದು ಒಳಪುಟದ ಕಾಗದ, ಇನ್ನೊಂದು ಹೆಚ್ಚುಕಡಿಮೆ ಅದರ ಎರಡರಷ್ಟು ತೂಗುವ ಕಾರ್ಡು. ಎರಡಕ್ಕೂ 36 ಕಿಲೋ ಎಂದು ಬರೆದರೆ ಪರಿಶೀಲಕರು ವಾಪಸ್ ಕಳಿಸದೆ ಆರತಿ ಎತ್ತಬೇಕಿತ್ತಾ?

ದೊಡ್ಡ ಸಂಖ್ಯೆ ಇದ್ದರೆ ಭಾರದ ಕಾಗದ ಎಂಬ ನಂಬಿಕೆಯನ್ನೂ ಇಲ್ಲೇ ಬಿಟ್ಟುಬಿಡಿ. 110 ಪೌಂಡ್ ಇಂಡೆಕ್ಸ್ 199 ಗ್ರಾಂ. ಅದಕ್ಕಿಂತ 80 ಪೌಂಡ್ ಕವರೇ ಭಾರ. 20 ಪೌಂಡ್ ಬಾಂಡ್ 75 ಗ್ರಾಂ, 50 ಪೌಂಡ್ ಆಫ್‌ಸೆಟ್ 74 ಗ್ರಾಂ, ಅಂದರೆ ತೂಕದಲ್ಲಿ ಎರಡೂ ಒಂದೇ.

ಇನ್ನು ಪದಗಳ ವಿಷಯ. ಪಾಪಿಯೇ ಎಂದರೆ ಕಾಗದ, ಹಾಗಂತ ಟೆಕ್ಸ್ಟ್ ಎಂಬುದನ್ನು ‘ಪಾಪಿಯೇ ತೆಕ್ಸ್ತ್’ ಎಂದು ಮಾಡಬೇಡಿ. ಆ ಪದದ ದೊಡ್ಡ ಕೆಲಸ ಮೂಲ ಅಳತೆ ಯಾವುದೆಂದು ಹೇಳುವುದು. ನೀವು ಗ್ರಾಮಾಜ್ ಬರೆದ ಕೂಡಲೇ ಆ ಕೆಲಸ ಮುಗಿಯಿತು. ಫ್ರೆಂಚ್ ಮುದ್ರಕನಿಗೆ ಬೇಕಿರುವುದು ಲೇಪನ ಇದೆಯೋ ಇಲ್ಲವೋ ಎಂಬುದು. ಲೇಪನವಿದ್ದರೆ ‘ಕುಶೆ’, ಅದರಲ್ಲಿ ಹೊಳಪಿನದ್ದು ‘ಕುಶೆ ಬ್ರಿಯಾಂ’, ಹೊಳಪಿಲ್ಲದ್ದು ‘ಕುಶೆ ಮಾಟ್’. ಲೇಪನವಿಲ್ಲದ ಸಾಮಾನ್ಯ ಮುದ್ರಣದ ಕಾಗದ ‘ಆಫ್‌ಸೆಟ್’. ‘80 ಪೌಂಡ್ ಗ್ಲಾಸ್ (ಅಂದರೆ ಹೊಳಪಿನ) ಟೆಕ್ಸ್ಟ್’ ಫ್ರೆಂಚಿನಲ್ಲಿ ಕುಶೆ ಬ್ರಿಯಾಂ 118 ಗ್ರಾಂ. ‘80 ಪೌಂಡ್ ಗ್ಲಾಸ್ ಕವರ್’ ಕುಶೆ ಬ್ರಿಯಾಂ 216 ಗ್ರಾಂ. ಒಂದು ಪದ ಕಾಣೆಯಾಯಿತಲ್ಲ ಎಂದು ಗಾಬರಿ ಬೇಡ. ಅದು ಸಂಖ್ಯೆಯೊಳಗೆ ಸೇರಿಕೊಂಡಿದೆ.

118 ಗ್ರಾಂ ಕಾಗದ ಯುರೋಪಿನಲ್ಲಿ ಸಿಗುತ್ತದೆಯೇ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಸಿಗುವುದು 115, 120, 135, 150, 170. ಹಾಗಂತ ನೀವೇ 120 ಎಂದು ಬರೆದುಬಿಡಬೇಡಿ. ಈಗಾಗಲೇ ಅಚ್ಚಾದ ವಸ್ತುವಿನ ವಿವರಣೆಯಾದರೆ 118 ಎಂದೇ ಇರಲಿ. ಫ್ರಾನ್ಸಿನಲ್ಲಿ ಹೊಸದಾಗಿ ಅಚ್ಚು ಹಾಕಿಸುವ ಆರ್ಡರಾದರೆ ‘115 ಬೇಕೋ 120 ಬೇಕೋ’ ಎಂದು ಗ್ರಾಹಕರನ್ನು ಕೇಳಿ. ಫೋನಿನಲ್ಲಿ ಬೇಡ, ಮೇಲ್ ಹಾಕಿ. ಸಾವಿರಾರು ಪ್ರತಿ ಬೇರೆ ಕಾಗದದಲ್ಲಿ ಅಚ್ಚಾದ ಮೇಲೆ ‘ಅವರೇ ಹೇಳಿದ್ದು ಸಾರ್’ ಅಂದರೆ ಯಾರೂ ನಂಬುವುದಿಲ್ಲ. ಕಾಗದ ಆರಿಸುವುದು ಅನುವಾದಕರ ಕೆಲಸವೂ ಅಲ್ಲ.

ಬರೀ ಪೌಂಡಿನ ಸಂಖ್ಯೆಯಷ್ಟೇ ಇದ್ದು ಜಾತಿ ಹೇಳದಿದ್ದರೆ? ಲೆಟರ್‌ಹೆಡ್ ಅಂದರೆ ಬಾಂಡ್ ಇರಬೇಕು, ವಿಸಿಟಿಂಗ್ ಕಾರ್ಡ್ ಅಂದರೆ ಕವರ್ ಇರಬೇಕು ಎಂದು ಊಹಿಸಬಹುದು. ಆದರೂ ನಾನು ಊಹೆ ಮೇಲೆ ಬರೆಯುವುದಿಲ್ಲ. ಖಾಲಿ ಬಿಟ್ಟು ಪಕ್ಕದಲ್ಲಿ ಪ್ರಶ್ನೆ ಹಾಕುತ್ತೇನೆ. ಇದಕ್ಕೆ ನನ್ನನ್ನು ಕಿರಿಕಿರಿ ಮನುಷ್ಯ ಎನ್ನುವ ಏಜೆನ್ಸಿಗಳಿವೆ. ಅನ್ನಲಿ.

ತೂಕದ ಪಕ್ಕದಲ್ಲಿ ‘ಎಂ’ ಅಕ್ಷರ ಕಂಡರೆ, ಉದಾಹರಣೆಗೆ 40 ಎಂ, ಅದು ಮೀಟರೂ ಅಲ್ಲ, ಮಿಲಿಯನ್ನೂ ಅಲ್ಲ. ರೋಮನ್ ಅಂಕಿಯ ಸಾವಿರ. ಆ ಅಳತೆಯ 1000 ಹಾಳೆಯ ತೂಕ 40 ಪೌಂಡ್ ಎಂದರ್ಥ. 17×22 ಅಂಗುಲದ ಬಾಂಡ್ ಆದರೆ ಅದು ನಮ್ಮ ಮಾಮೂಲಿ 20 ಪೌಂಡ್ ಕಾಗದವೇ.

ಪ್ರಶ್ನೆ: ಗ್ರಾಹಕರು ಕೆನಡಾದವರು. ಕ್ವಿಬೆಕ್ ಓದುಗರಿಗೂ ಪೌಂಡ್ ತೆಗೆದುಹಾಕಬೇಕೇ?

ಬೇಡ. ಕ್ವಿಬೆಕ್ ಅಂಗಡಿಯಲ್ಲಿ ಫ್ರೆಂಚ್ ಮಾತಾಡುವವರೇ 20 ಪೌಂಡ್ ಕಾಗದ ಕೊಳ್ಳುತ್ತಾರೆ. ಪೌಂಡ್ ಉಳಿಸಿ, ಪಕ್ಕದಲ್ಲಿ ಗ್ರಾಮಾಜ್ ಕೊಡಿ. ಫ್ರಾನ್ಸಿಗೆ ಬರೀ ಗ್ರಾಮಾಜ್. ಒಂದೇ ಫೈಲ್ ಎರಡೂ ದೇಶಕ್ಕೆ ಹೋಗುತ್ತದೆ ಎಂದರೆ ಪ್ರಿಂಟರ್ ಕೈಪಿಡಿಗಳು ಮಾಡುವ ಹಾಗೆ ಎರಡನ್ನೂ ಹಾಕಿ: 60ರಿಂದ 105 ಗ್ರಾಂ, ಅಂದರೆ 16ರಿಂದ 28 ಪೌಂಡ್ ಬಾಂಡ್. ‘ಲೀವ್ರ್’ ಎಂದು ಪೂರ್ತಿ ಪದ ಬರೆಯುವಾಗ ಲಿಂಗ ನೋಡಿಕೊಳ್ಳಿ. ಸ್ತ್ರೀಲಿಂಗವಾದರೆ ಪೌಂಡ್, ಪುಲ್ಲಿಂಗವಾದರೆ ಪುಸ್ತಕ. ‘80 ಪೌಂಡ್ ಬುಕ್’ ಎಂಬುದನ್ನು ಕಣ್ಣು ಮುಚ್ಚಿ ಅನುವಾದಿಸಿದರೆ ‘ಲೀವ್ರ್ ದ 80 ಲೀವ್ರ್’ ಆಗುತ್ತದೆ. ಎತ್ತಲು ಇಬ್ಬರು ಬೇಕಾದ ಪುಸ್ತಕ.

ಪ್ರಶ್ನೆ: ಒಂದು ಚಾರ್ಟ್ ಸಿಕ್ಕಿದೆ. ‘ಎಲ್ಲಾ ಪೌಂಡನ್ನೂ 2.7ರಿಂದ ಗುಣಿಸಿ’ ಎಂದಿದೆ. ಬಳಸಬಹುದೇ?

ಹರಿದು ಹಾಕಿ. ಅದು ಕವರ್‌ಗೆ ಮಾತ್ರ. ಇಂಥ ಚಾರ್ಟನ್ನೇ ‘ತಜ್ಞರ ಗ್ಲಾಸರಿ’ ಎಂದು ದುಡ್ಡಿಗೆ ಮಾರುವವರೂ ಇದ್ದಾರೆ. ಯಾವ ಚಾರ್ಟಿನಲ್ಲಿ ಮೂಲ ಅಳತೆಯ ಕಾಲಂ ಇಲ್ಲವೋ ಅದನ್ನು ನಂಬಬೇಡಿ. ಕೆನಡಾ ಸರ್ಕಾರದ ಟರ್ಮಿಯಂ ಪ್ಲಸ್, ಕ್ವಿಬೆಕ್‌ನವರ ಗ್ರಾಂ ದಿಕ್ಸಿಯೊನೇರ್ ತೆರ್ಮಿನೊಲೊಜೀಕ್ ಎಂಬ ಪದಕೋಶಗಳೆರಡೂ ಪುಕ್ಕಟೆ ಸಿಗುತ್ತವೆ. ಅಲ್ಲಿ ಸಿಕ್ಕ ಪದವನ್ನು ಫ್ರಾನ್ಸಿನ ಕಾಗದ ಮಾರುವವರ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ. ಪೆಟ್ಟಿಗೆ ಮೇಲೆ ಅಚ್ಚಾಗಿರುವ ಪದವೇ ಕೊನೆಗೆ ಲೆಕ್ಕಕ್ಕೆ ಬರುವುದು.

ಪ್ರಶ್ನೆ: ‘ವೆಲ್ಲಂ’ ಎಂದರೆ ‘ವೆಲ್ಯಾಂ’ ತಾನೇ?

ಯಾವ ವೆಲ್ಲಂ? ಕರುವಿನ ಚರ್ಮದಲ್ಲಿ ಮಾಡಿದ ಹಳೇ ಕಾಲದ ಹಾಳೆಯಾದರೆ ಹೌದು, ವೆಲ್ಯಾಂ. ಮದುವೆ ಆಮಂತ್ರಣದ ಮೇಲೆ ಹೊದಿಸುವ, ಆಚೆಯ ಅಕ್ಷರ ಮಸುಕಾಗಿ ಕಾಣುವ ಕಾಗದವಾದರೆ ಅದು ‘ಕಾಲ್ಕ್’. ಕಾಗದದ ಮೇಲ್ಮೈ ಸ್ವಲ್ಪ ಒರಟು ಎಂದು ಹೇಳಲು ಅಮೆರಿಕದವರು ‘ವೆಲ್ಲಂ ಫಿನಿಶ್’ ಎಂದಿದ್ದರೆ ‘ಲೇಪನವಿಲ್ಲದ್ದು, ಮುಟ್ಟಿದರೆ ತುಸು ಒರಟು’ ಎಂದು ಬಿಡಿಸಿ ಬರೆಯಿರಿ. ಏಕೆಂದರೆ ಫ್ರಾನ್ಸಿನಲ್ಲಿ ವೆಲ್ಯಾಂ ಕಾಗದ ಎಂದರೆ ನಯವಾದದ್ದು, ಗೆರೆ ಕಾಣದ್ದು. ಬೆಳಕಿಗೆ ಹಿಡಿದರೆ ಗೆರೆ ಕಾಣುವ ‘ವೆರ್ಜೆ’ಗೆ ಅದು ವಿರುದ್ಧ. ಇಂಗ್ಲೆಂಡಿನಲ್ಲಿ ಮುದ್ರಕ ಬಾಸ್ಕರ್‌ವಿಲ್ 1757ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಅಚ್ಚು ಹಾಕಿದಾಗ ಅದರ ಒಂದಷ್ಟು ಹಾಳೆಗಳಿಗೆ ಬಳಸಿದ್ದು ಇಂಥ ಗೆರೆ ಇಲ್ಲದ ಕಾಗದ. ಇಂಗ್ಲಿಷಿನಲ್ಲಿ ಅದು ‘ವೋವ್’. ಅದು ಫ್ರಾನ್ಸಿಗೆ ಬಂದಾಗ ಕರುವಿನ ಚರ್ಮದ ಹಾಗೆ ನುಣುಪು ಎಂದು ವೆಲ್ಯಾಂ ಹೆಸರು ಬಿತ್ತು. ಅಂದರೆ ಇಂಗ್ಲಿಷಿನ ವೋವ್ ಫ್ರೆಂಚಿನ ವೆಲ್ಯಾಂ, ಇಂಗ್ಲಿಷಿನ ವೆಲ್ಲಂ ಬಹಳ ಸಲ ಬೇರೇನೋ.

ಪ್ರಶ್ನೆ: ಜಲವರ್ಣದ ಕಾಗದ, ‘ಕೋಲ್ಡ್ ಪ್ರೆಸ್ 140 ಪೌಂಡ್’. ಕವರ್ ಲೆಕ್ಕದಲ್ಲಿ 378 ಗ್ರಾಂ ಬರುತ್ತಿದೆ. ಸರಿಯೇ?

ತಪ್ಪು. ಅದರ ಮೂಲ ಅಳತೆ 22×30 ಅಂಗುಲ. ಉತ್ತರ 300 ಗ್ರಾಂ. ಯಾವ ಚಿತ್ರಕಲಾ ಅಂಗಡಿಗೆ ಹೋದರೂ ಪ್ಯಾಡಿನ ಮೇಲೆ ಎರಡೂ ಸಂಖ್ಯೆ ಇರುತ್ತದೆ. ಕೋಲ್ಡ್ ಪ್ರೆಸ್ ಎಂಬುದನ್ನು ‘ತಣ್ಣಗೆ ಒತ್ತಿದ್ದು’ ಎಂದು ಮಾಡಬೇಡಿ. ಅದು ಮೇಲ್ಮೈಯ ಒರಟುತನ ಹೇಳುವ ಪದ, ಫ್ರೆಂಚ್ ಕಲಾವಿದರು ಹೇಳುವುದು ‘ಗ್ರ್ಯಾಂ ಫ್ಯಾಂ’. ಹಾಟ್ ಪ್ರೆಸ್ ‘ಸಾತಿನೆ’. ರಫ್ ‘ತೊರ್ಶೋಂ’. 1492ರಿಂದ ನಡೆದು ಬಂದಿರುವ ಫ್ರಾನ್ಸಿನ ವೋಜ್ ಪ್ರದೇಶದ ಆರ್ಶ್ ಕಾರ್ಖಾನೆಯ ಕಾಗದದ ಮೇಲೆ ಫ್ರೆಂಚೂ ಇಂಗ್ಲಿಷೂ ಅಕ್ಕಪಕ್ಕದಲ್ಲೇ ಅಚ್ಚಾಗಿವೆ. ಅದನ್ನು ನೋಡಿ ಬರೆದುಕೊಂಡರೆ ಆಯಿತು. ಒಂದು ಎಚ್ಚರಿಕೆ: ಈ ಗ್ರ್ಯಾಂ ನೋಡಿ ಮೋಸಹೋಗಬೇಡಿ, ಮುದ್ರಕರ ಇಂಗ್ಲಿಷಿನಲ್ಲಿ ‘ಗ್ರೇನ್’ ಎಂದರೆ ನಾರು ಓಡುವ ದಿಕ್ಕು, ಮೇಲ್ಮೈ ಒರಟುತನವಲ್ಲ. ಫ್ರೆಂಚಿನಲ್ಲಿ ದಿಕ್ಕಿಗೆ ‘ಸಾಂಸ್’ ಎನ್ನುತ್ತಾರೆ.

ಪ್ರಶ್ನೆ: ‘ವುಡ್‌ಫ್ರೀ’ ಕಾಗದಕ್ಕೆ ‘ಮರ ಕಡಿಯದ ಪರಿಸರಸ್ನೇಹಿ ಕಾಗದ’ ಎಂದು ಫ್ರೆಂಚಿನಲ್ಲಿ ಬರೆದೆ. ಗ್ರಾಹಕರು ತುಂಬಾ ಮೆಚ್ಚಿದರು.

ಮೆಚ್ಚದೆ ಏನು, ಪುಕ್ಕಟೆ ಜಾಹೀರಾತು ಸಿಕ್ಕಿತಲ್ಲ! ವುಡ್‌ಫ್ರೀ ಕಾಗದವೂ ಸಾಮಾನ್ಯವಾಗಿ ಮರದಿಂದಲೇ ಬರುವುದು. ರಾಸಾಯನಿಕ ಹಾಕಿ ಬೇಯಿಸಿ, ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ತೆಗೆದ ತಿರುಳು, ಅದಕ್ಕೇ ಬೇಗ ಹಳದಿಯಾಗುವುದಿಲ್ಲ. ಮುದ್ರಕರಿಗೆ ‘ಸಾಂ ಬ್ವಾ’ ಎಂದರೆ ಅರ್ಥವಾಗುತ್ತದೆ. ಸಾಮಾನ್ಯ ಗಿರಾಕಿಗೆ ರಾಸಾಯನಿಕ ತಿರುಳು, ‘ಪಾತ್ ಶಿಮೀಕ್’, ಎಂದು ಬರೆಯಿರಿ. ನಿಮ್ಮ ವಾಕ್ಯವನ್ನು ಇವತ್ತೇ ವಾಪಸ್ ತೆಗೆದುಕೊಳ್ಳಿ.

ಪ್ರಶ್ನೆ: 12 ಪಾಯಿಂಟ್ ಕಾರ್ಡನ್ನು ಎಷ್ಟು ಗ್ರಾಂ ಎನ್ನಬೇಕು?

ಏನೂ ಅನ್ನಬಾರದು. ಅದು ತೂಕವಲ್ಲ, ದಪ್ಪ. ಪಾಯಿಂಟ್ ಎಂದರೆ ಅಂಗುಲದ ಸಾವಿರದಲ್ಲಿ ಒಂದು ಭಾಗ, ಹಾಗಾಗಿ 12 ಪಾಯಿಂಟ್ ಎಂದರೆ 305 ಮೈಕ್ರಾನ್. ಅಕ್ಷರದ ಪಾಯಿಂಟಿಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ಗ್ರಾಮಾಜಿನ ಎರಡು ಕಾಗದ ಒಂದೇ ದಪ್ಪ ಇರಬೇಕೆಂದೂ ಇಲ್ಲ. ಫ್ರೆಂಚ್ ಪ್ರಕಾಶಕರು ಕಾದಂಬರಿಗೆ ಬಳಸುವ ‘ಬುಫಾಂ’ ಕಾಗದ ಹಗುರ, ಆದರೆ ಉಬ್ಬಿದ್ದು. ಆ ಉಬ್ಬಿಗೆ ಅವರು ‘ಮ್ಯಾಂ’ ಎನ್ನುತ್ತಾರೆ. ಮ್ಯಾಂ 2 ಇರುವ 80 ಗ್ರಾಂ ಕಾಗದ 160 ಮೈಕ್ರಾನ್ ದಪ್ಪ. ಮ್ಯಾಂ ಎಂದರೆ ಕೈ ಎಂಬ ಅರ್ಥವೂ ಇದೆ, ಅದಕ್ಕೇ ಇದನ್ನು ‘ಕೈ 2’ ಎಂದು ಇಂಗ್ಲಿಷಿಗೆ ಅನುವಾದಿಸಿದವರೂ ನನಗೆ ಪತ್ರ ಬರೆದಿದ್ದಾರೆ.

ಪ್ರಶ್ನೆ: ಬಾಂಡ್ ಪೇಪರ್‌ಗೆ ‘ಪಾಪಿಯೇ ತ್ಯಾಂಬ್ರೆ’ ಎನ್ನಬಹುದೇ?

ಅದು ಛಾಪಾ ಕಾಗದ. ಮನೆ ಕರಾರಿಗೆ ನಾವು ಬಾಂಡ್ ಪೇಪರ್ ಎನ್ನುವುದು ಬೇರೆ, ಅಮೆರಿಕದವರ ಬಾಂಡ್ ಬೇರೆ.

ಪ್ರಶ್ನೆ: ಮ್ಯಾಪ್‌ಲಿಥೊ? ಆರ್ಟ್ ಪೇಪರ್?

ಮ್ಯಾಪ್‌ಲಿಥೊಗೆ ಆಫ್‌ಸೆಟ್. ಆರ್ಟ್ ಪೇಪರ್‌ಗೆ ಕುಶೆ. ‘ಪಾಪಿಯೇ ದಾರ್’ ಎಂದರೆ ಚಿತ್ರಕಾರರ ಕಾಗದವಾಗುತ್ತದೆ, ಬೇಡ.

ಪ್ರಶ್ನೆ: ಲೆಟರ್ ಸೈಜ್ ಇದ್ದಲ್ಲಿ ಎ4 ಎಂದು ಹಾಕಿದರೆ ಫ್ರೆಂಚರಿಗೆ ಸುಲಭ ಅಲ್ವಾ?

ಲೆಟರ್ 216×279 ಮಿಲಿಮೀಟರ್, ಎ4 210×297. ಎರಡೂ ಬೇರೆ ಹಾಳೆ. ಕ್ವಿಬೆಕ್‌ಗೆ ‘ಫೋರ್ಮಾ ಲೆತ್ರ್’ ಎಂದೇ ಬರೆಯಿರಿ. ಫ್ರಾನ್ಸಿಗೆ ಬದಲಾಯಿಸಬೇಕೆಂದರೆ ಗ್ರಾಹಕರು ವಿನ್ಯಾಸವನ್ನೂ ಬದಲಾಯಿಸುತ್ತಿದ್ದಾರೆಯೇ ಎಂದು ಮೊದಲು ಕೇಳಿ. ಮೇಲ್ ಹಾಕಿ.