ಆಪ್ ಸಾಕಾ, ಡಿಸೆಕ್ಷನ್ ಬೇಕಾ?

ಡಿಸೆಕ್ಷನ್ (ಶವ ಕೊಯ್ದು ಕಲಿಯೋದು) ಟೇಬಲ್ ಸುತ್ತ ಗುಂಪು, ಏನೂ ಕಾಣಲ್ಲ, ತ್ರೀಡಿ ಆಪ್‌ನಲ್ಲೇ ಅನಾಟಮಿ, ಅಂದರೆ ದೇಹರಚನೆ, ಕಲಿತರೆ ನಡೆಯುತ್ತಾ ಅಂತ ರಾಯಚೂರಿನಿಂದ ಕೇಳಿದ್ದೀರಿ. ಪರೀಕ್ಷೆ ಮಟ್ಟಿಗೆ ನಡೆದೀತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆಯಲ್ಲಿ ಡಿಸೆಕ್ಷನ್ ಮಾಡಿದವರಿಗೂ ಮಾಡೆಲ್, ಕಂಪ್ಯೂಟರ್‌ನಲ್ಲಿ ಕಲಿತವರಿಗೂ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಳೆದದ್ದು ಅಲ್ಪಾವಧಿಯ ಜ್ಞಾನವನ್ನಷ್ಟೇ, ಕೈಯ ಹದವನ್ನಲ್ಲ.

ಆಪ್‌ನಲ್ಲಿ ಅಪಧಮನಿ ಕೆಂಪು, ನರ ಹಳದಿ. ಶವ ಕೆಡದಂತೆ ಬಳಸುವ ಫಾರ್ಮಲಿನ್ ಕುಡಿದ ಕಂಕುಳಲ್ಲಿ ಎಲ್ಲವೂ ಮಾಸಲು ಬಣ್ಣ. ಬೆರಳಲ್ಲಿ ಹೊರಳಿಸಿ, ಟೊಳ್ಳೋ ಗಟ್ಟಿಯೋ ನೋಡಿಯೇ ನಾಳ ಯಾವುದು, ನರ ಯಾವುದು ಅಂತ ಗೊತ್ತಾಗೋದು. ಕೆಲವರಲ್ಲಿ ಮುಂಗೈಯ ಹೆಬ್ಬೆರಳ ಬದಿಗೆ ಹೋಗುವ ರೇಡಿಯಲ್ ಅಪಧಮನಿ ಮೊಣಕೈಗಿಂತ ಮೇಲೆಯೇ ಕವಲೊಡೆದಿರುತ್ತೆ. ಆಪ್‌ನ ಅಚ್ಚುಕಟ್ಟು ದೇಹಕ್ಕೆ ಅಂಥ ಚಾಳಿ ಇಲ್ಲ!

ಹಿಂದಿನ ರಾತ್ರಿ ಆಪ್ ನೋಡಿಕೊಂಡು ಹೋಗಿ. ಗುಂಪು ಕ್ಯಾಂಟೀನಿಗೆ ಹೊರಟ ಮೇಲೆ ಟ್ಯೂಟರನ್ನು ಕೇಳಿ ಟೇಬಲ್ ಬಳಿ ಉಳಿದುಕೊಳ್ಳಿ.